ಯಾರಿಗೆ ಎಷ್ಟು ಗಂಟೆ? ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ ಟೀಮಿನ ಸಮಯ ಹಂಚುವ ಬಗೆ

2025ರ ಅಕ್ಟೋಬರ್ ತಿಂಗಳ ಕ್ಯಾಲೆಂಡರ್ ಒಮ್ಮೆ ತೆಗೆದು ನೋಡಿ. ಶನಿವಾರ, ಭಾನುವಾರ ಕಳೆದರೆ 23 ದಿನ. ದಿನಕ್ಕೆ 8 ಗಂಟೆಯಂತೆ ಒಬ್ಬರಿಗೆ 184 ಗಂಟೆ. ಆದರೆ ಆ ತಿಂಗಳು 1ಕ್ಕೆ ಆಯುಧಪೂಜೆ, 2ಕ್ಕೆ ಗಾಂಧಿ ಜಯಂತಿ ಮತ್ತು ವಿಜಯದಶಮಿ, 20ಕ್ಕೆ ನರಕ ಚತುರ್ದಶಿ, 22ಕ್ಕೆ ಬಲಿಪಾಡ್ಯಮಿ. ನಾಲ್ಕೂ ವಾರದ ನಡುವೆಯೇ ಬಂದವು. ಈ ನಾಲ್ಕು ದಿನ ರಜೆ ಕೊಟ್ಟ ಆಫೀಸಿನಲ್ಲಿ ಒಬ್ಬರಿಗೆ ಉಳಿದದ್ದು 19 ದಿನ, ಅಂದರೆ 152 ಗಂಟೆ. ಆರು ಜನರ ಟೀಮಾದರೆ ಒಟ್ಟು 192 ಗಂಟೆ ಕಡಿಮೆ. ಒಬ್ಬರ ಇಡೀ ತಿಂಗಳ ಕೆಲಸಕ್ಕಿಂತ ಜಾಸ್ತಿ!

ಇದನ್ನು ನಾವು ಹೇಳದಿದ್ದರೆ, ಕೆಲಸದ ಪ್ಲಾನ್ ಮಾಡುವ ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಂಥ ಸಾಫ್ಟ್‌ವೇರಿಗೆ ಗೊತ್ತಾಗುವುದಿಲ್ಲ. ಅದು ಆಯುಧಪೂಜೆಯ ದಿನವೂ ಕೆಲಸ ಹಾಕುತ್ತದೆ, ಬಲಿಪಾಡ್ಯಮಿಯ ದಿನವೂ ಹಾಕುತ್ತದೆ. ತಿಂಗಳ ಕೊನೆಗೆ ಆ 192 ಗಂಟೆಯನ್ನು ಯಾರೋ ರಾತ್ರಿ ಕೂತು ತುಂಬಿಸಬೇಕಾಗುತ್ತದೆ. ಅವರು ನಮ್ಮ ಜೊತೆಯಲ್ಲೇ ಊಟ ಮಾಡುವವರು. ಹಾಗಾಗಿ ಈ ಗಂಟೆ ಹಂಚುವ ಕೆಲಸವನ್ನು ನಾನು ಬರೀ ಡೇಟಾ ಎಂಟ್ರಿ ಅಂದುಕೊಳ್ಳುವುದಿಲ್ಲ. ಇನ್ನೊಬ್ಬರ ದಿನಕ್ಕೆ ಕೈ ಹಾಕುತ್ತಿದ್ದೇವೆ ಅನ್ನುವ ಎಚ್ಚರ ಬೇಕು.

ಕೆಳಗಿನ ಹಂತಗಳನ್ನು ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನ ಡೆಸ್ಕ್‌ಟಾಪ್ ಆವೃತ್ತಿಗೆ ಬರೆದಿದ್ದೇನೆ. (ಪ್ರಾಜೆಕ್ಟ್ ಆನ್‌ಲೈನ್ ಬೇರೆ. ಅದನ್ನು 2026ರ ಸೆಪ್ಟೆಂಬರ್ 30ಕ್ಕೆ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ ಹೇಳಿದೆ.) ನೀವು ಬೇರೆ ಸಾಫ್ಟ್‌ವೇರ್ ಬಳಸುತ್ತಿದ್ದರೆ ಬಟನ್ನುಗಳ ಹೆಸರು ಬೇರೆ ಇರುತ್ತದೆ, ಲೆಕ್ಕ ಬದಲಾಗುವುದಿಲ್ಲ. ನಾಲ್ಕೈದು ಜನರ ಟೀಮಿಗೆ ಎಕ್ಸೆಲ್ ಶೀಟೂ ಸಾಕು. ಒಬ್ಬೊಬ್ಬರಿಗೆ ಒಂದು ಸಾಲು, ವಾರಕ್ಕೊಂದು ಕಾಲಂ.

ಮೊದಲು ಕ್ಯಾಲೆಂಡರ್

ಬಹಳ ಜನ ನೇರವಾಗಿ ಟಾಸ್ಕ್ ಪಟ್ಟಿ ಬರೆಯಲು ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲ ಅರ್ಧ ಗಂಟೆ ಕ್ಯಾಲೆಂಡರಿಗೆ ಕೊಡಿ.

ಪ್ರಾಜೆಕ್ಟ್ ಟ್ಯಾಬ್‌ನಲ್ಲಿ 'ಚೇಂಜ್ ವರ್ಕಿಂಗ್ ಟೈಮ್' ಒತ್ತಿ. ಅಲ್ಲಿ 'ಸ್ಟ್ಯಾಂಡರ್ಡ್' ಎಂಬ ಕ್ಯಾಲೆಂಡರ್ ಮೊದಲೇ ಇರುತ್ತದೆ. ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 8ರಿಂದ 12, ಮಧ್ಯಾಹ್ನ 1ರಿಂದ 5. ಅದನ್ನೇ ತಿದ್ದುವ ಬದಲು 'ಕ್ರಿಯೇಟ್ ನ್ಯೂ ಕ್ಯಾಲೆಂಡರ್' ಒತ್ತಿ, ಅದರ ಒಂದು ಕಾಪಿ ಮಾಡಿಕೊಳ್ಳಿ. 'ಬೆಂಗಳೂರು ಆಫೀಸ್' ಎಂದೋ 'ಮೈಸೂರು ಆಫೀಸ್' ಎಂದೋ ಹೆಸರಿಡಿ. 'ವರ್ಕ್ ವೀಕ್ಸ್' ಟ್ಯಾಬ್‌ನಲ್ಲಿ 'ಡಿಟೇಲ್ಸ್' ತೆರೆದು ನಿಮ್ಮ ಆಫೀಸಿನ ನಿಜವಾದ ಸಮಯ ಹಾಕಿ. ಊಟದ ಹೊತ್ತು ಬಿಡುವುದನ್ನು ಮರೆಯಬೇಡಿ.

ಆಮೇಲೆ 'ಎಕ್ಸೆಪ್ಶನ್ಸ್' ಟ್ಯಾಬ್. ರಜೆಗಳು ಬರುವುದು ಇಲ್ಲಿ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಇವು ಪ್ರತಿ ವರ್ಷ ಅದೇ ತಾರೀಖು. ಒಮ್ಮೆ ಹಾಕಿ, 'ಡಿಟೇಲ್ಸ್' ಒಳಗೆ 'ಇಯರ್ಲಿ' ಎಂದು ಕೊಟ್ಟು, ಎಷ್ಟು ವರ್ಷದವರೆಗೆ ಎಂದೂ ಹೇಳಿದರೆ ಮುಂದಿನ ವರ್ಷಗಳಿಗೂ ಬರುತ್ತದೆ. ಯುಗಾದಿ, ಗಣೇಶ ಚತುರ್ಥಿ, ದಸರಾ, ದೀಪಾವಳಿ, ರಂಜಾನ್ ಹಬ್ಬಗಳ ತಾರೀಖು ಪ್ರತಿ ವರ್ಷ ಬದಲಾಗುತ್ತದೆ. ಅವನ್ನು ಎಚ್‌ಆರ್ ಕಳಿಸುವ ಪಟ್ಟಿ ನೋಡಿ ಕೈಯಿಂದಲೇ ಹಾಕಬೇಕು. ಟೀಮಿನಲ್ಲಿ ಒಬ್ಬರು ಚೆನ್ನೈನಿಂದ, ಇನ್ನೊಬ್ಬರು ಕೊಚ್ಚಿಯಿಂದ ಕೆಲಸ ಮಾಡುತ್ತಿದ್ದರೆ ಅವರಿಗೆ ಬೇರೆ ಕ್ಯಾಲೆಂಡರ್ ಮಾಡಿ. ಪೊಂಗಲ್ ಮತ್ತು ಓಣಂ ನಮ್ಮ ಪಟ್ಟಿಯಲ್ಲಿ ಇರುವುದಿಲ್ಲ ಅಲ್ವಾ.

ಕ್ಯಾಲೆಂಡರ್ ಮಾಡಿದರಷ್ಟೇ ಸಾಲದು, ಅದನ್ನು ಜೋಡಿಸಬೇಕು. 'ಪ್ರಾಜೆಕ್ಟ್ ಇನ್ಫರ್ಮೇಶನ್' ತೆರೆದು ಕ್ಯಾಲೆಂಡರ್ ಜಾಗದಲ್ಲಿ ಹೊಸದನ್ನು ಆರಿಸಿ. ರಿಸೋರ್ಸ್ ಶೀಟಿನಲ್ಲಿ (ಟೀಮಿನವರ ಹೆಸರಿನ ಪಟ್ಟಿ, ಹೆಸರುಗಳನ್ನು ಮುಂದಿನ ಹಂತದಲ್ಲಿ ಬರೆಯುತ್ತೇವೆ) 'ಬೇಸ್ ಕ್ಯಾಲೆಂಡರ್' ಎಂಬ ಕಾಲಂ ಇದೆ. ಅಲ್ಲಿ ಪ್ರತಿಯೊಬ್ಬರ ಹೆಸರಿನ ಎದುರೂ ಸರಿಯಾದ ಕ್ಯಾಲೆಂಡರ್ ಇದೆಯೇ ನೋಡಿ. ಇದೊಂದು ಬಿಟ್ಟುಹೋದರೆ ನೀವು ಹಾಕಿದ ರಜೆಯೆಲ್ಲ ಸುಮ್ನೆ ಕೂತಿರುತ್ತದೆ.

ಇನ್ನೊಂದು ಎಡವುವ ಜಾಗ ಹೇಳುತ್ತೇನೆ. ಫೈಲ್, ಆಪ್ಶನ್ಸ್, ಶೆಡ್ಯೂಲ್ ಒಳಗೆ 'ಅವರ್ಸ್ ಪರ್ ಡೇ' ಎಂದು ಇರುತ್ತದೆ. ಅದು 8 ಎಂದು ಮೊದಲೇ ಹಾಕಿರುತ್ತದೆ. ನಿಮ್ಮ ಕ್ಯಾಲೆಂಡರಿನಲ್ಲಿ ದಿನಕ್ಕೆ ಏಳೂವರೆ ಗಂಟೆ ಇದ್ದು, ಇಲ್ಲಿ 8 ಉಳಿದರೆ ಏನಾಗುತ್ತದೆ? ನೀವು 'ಒಂದು ದಿನ' ಎಂದು ಬರೆದಾಗ ಅದು 8 ಗಂಟೆ ಎಂದು ಓದುತ್ತದೆ. ಏಳೂವರೆ ಗಂಟೆ ಇವತ್ತು ಮುಗಿಸಿ, ಉಳಿದ ಅರ್ಧ ಗಂಟೆಯನ್ನು ನಾಳೆಗೆ ತಳ್ಳುತ್ತದೆ. ಎಲ್ಲ ಟಾಸ್ಕೂ ಅರ್ಧರ್ಧ ಗಂಟೆ ಜರುಗಿ, ಯಾಕೆ ಹೀಗಾಯಿತು ಅಂತ ಗೊತ್ತೇ ಆಗುವುದಿಲ್ಲ. ಕ್ಯಾಲೆಂಡರ್ ಬದಲಿಸಿದ ತಕ್ಷಣ ಇದನ್ನೂ ಬದಲಿಸಿ.

ಎಂಟು ಗಂಟೆಯಲ್ಲಿ ಕೆಲಸಕ್ಕೆ ಸಿಗುವುದು ಎಷ್ಟು?

ಈಗ ರಿಸೋರ್ಸ್ ಶೀಟಿನಲ್ಲಿ ಜನರ ಹೆಸರು ಬರೆಯಿರಿ. ಪ್ರತಿ ಹೆಸರಿನ ಎದುರು 'ಮ್ಯಾಕ್ಸ್ ಯೂನಿಟ್ಸ್' 100% ಎಂದು ತಾನಾಗಿಯೇ ಬಂದುಬಿಡುತ್ತದೆ. ಈ ವ್ಯಕ್ತಿ ದಿನದ ಎಂಟಕ್ಕೆ ಎಂಟು ಗಂಟೆಯೂ ಪ್ರಾಜೆಕ್ಟ್ ಕೆಲಸ ಮಾಡುತ್ತಾರೆ ಎಂದು ಅದರ ಅರ್ಥ. ಅಂಥವರನ್ನು ನಾನು ಇನ್ನೂ ನೋಡಿಲ್ಲ. ಬೆಳಗಿನ ಸ್ಟ್ಯಾಂಡಪ್ ಮೀಟಿಂಗ್, ಮೇಲ್, ಇಂಟರ್‌ವ್ಯೂ ತೆಗೆದುಕೊಳ್ಳುವುದು, ಹೊಸಬರಿಗೆ ಹೇಳಿಕೊಡುವುದು, ವಿಪಿಎನ್ ಕೈಕೊಟ್ಟಾಗ ಕಾಯುವುದು, ಇವೆಲ್ಲ ಅದೇ ಎಂಟು ಗಂಟೆಯ ಒಳಗೇ ನಡೆಯಬೇಕು.

ನಾನು ಡೆವಲಪರ್, ಡಿಸೈನರ್, ಟೆಸ್ಟರ್‌ಗಳಿಗೆ 75% ಇಡುತ್ತೇನೆ. ದಿನಕ್ಕೆ 6 ಗಂಟೆ. ಟೀಮ್ ಲೀಡ್ ಆದವರಿಗೆ 50%. ಬೇರೆಯವರ ಕೋಡ್ ನೋಡುವುದರಲ್ಲೇ ಅವರ ಅರ್ಧ ದಿನ ಹೋಗುತ್ತದೆ. ಇದು ನನ್ನ ಅಂದಾಜು. ನಿಮ್ಮ ಟೀಮಿನ ಎರಡು ವಾರದ ಟೈಮ್‌ಶೀಟ್ ತೆಗೆದು ನೋಡಿದರೆ ನಿಮ್ಮದೇ ಅಂಕಿ ಸಿಗುತ್ತದೆ. ಮೀಟಿಂಗ್‌ಗಳನ್ನು ಬೇರೆ ಟಾಸ್ಕ್ ಮಾಡಿ ಗಂಟೆ ಹಾಕುವವರೂ ಇದ್ದಾರೆ. ದೊಡ್ಡ ಪ್ರಾಜೆಕ್ಟಿಗೆ ಅದು ಸರಿ. ಚಿಕ್ಕ ಟೀಮಿಗೆ ಮ್ಯಾಕ್ಸ್ ಯೂನಿಟ್ಸ್ ಇಳಿಸುವುದೇ ಸುಲಭ.

ವೈಯಕ್ತಿಕ ರಜೆಗೆ, ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿ 'ಚೇಂಜ್ ವರ್ಕಿಂಗ್ ಟೈಮ್' ತೆರೆಯಿರಿ. ಅಲ್ಲಿ ಹಾಕಿದ ರಜೆ ಅವರೊಬ್ಬರಿಗೆ ಮಾತ್ರ ಅನ್ವಯಿಸುತ್ತದೆ. ಆದರೆ ಅದಕ್ಕೂ ಮೊದಲು ಒಂದು ಸುತ್ತು ಎಲ್ಲರನ್ನೂ ಕೇಳಿ. "ಮುಂದಿನ ಮೂರು ತಿಂಗಳಲ್ಲಿ ಊರಿಗೆ ಹೋಗುವ ಯೋಚನೆ ಇದೆಯಾ?" ಅಷ್ಟು ಕೇಳಿದರೆ ಸಾಕು. ಊರ ಜಾತ್ರೆ, ತಂಗಿಯ ಮದುವೆ, ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ, ಅಮ್ಮನ ಕಣ್ಣಿನ ಆಪರೇಷನ್, ಎಲ್ಲ ಹೊರಗೆ ಬರುತ್ತದೆ. ಅರ್ಜಿ ಹಾಕದ ರಜೆಯೇ ಜಾಸ್ತಿ ಇರುತ್ತದೆ. ಖಚಿತವಾಗದಿದ್ದರೂ ಅದನ್ನು ಹಾಕಿಡಿ. ಆಮೇಲೆ ತೆಗೆಯುವುದು ಸುಲಭ.

ಮ್ಯಾಕ್ಸ್ ಯೂನಿಟ್ಸ್ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಮಿತಿಗಿಂತ ಜಾಸ್ತಿ ಕೆಲಸ ಬಿದ್ದವರ ಹೆಸರನ್ನು ಸಾಫ್ಟ್‌ವೇರ್ ಕೆಂಪಾಗಿ ತೋರಿಸುತ್ತದೆ. ಹೆಸರು ಕೆಂಪಾಗಿ ಕಾಣುತ್ತದೆ, ಮೇಲಿನವರಿಗೆ ತೋರಿಸಲು ಆಗುವುದಿಲ್ಲ ಅಂತ ಮ್ಯಾಕ್ಸ್ ಯೂನಿಟ್ಸನ್ನು 150% ಮಾಡುವವರನ್ನು ನೋಡಿದ್ದೇನೆ. ಕೆಂಪು ಹೋಗುತ್ತದೆ, ಆ ವ್ಯಕ್ತಿಯ ಹನ್ನೆರಡು ಗಂಟೆ ಹೋಗುವುದಿಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಮಾಮೂಲು ಕೆಲಸಕ್ಕೆ ಇಟ್ಟಿರುವ ಮಿತಿಯೇ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಪ್ಲಾನ್ ಬರೆಯುವ ದಿನವೇ ಅದನ್ನು ದಾಟಿದರೆ, ಕೆಲಸ ನಿಜವಾಗಿ ಕಷ್ಟವಾದ ದಿನ ಎಲ್ಲಿಂದ ಗಂಟೆ ತರುವುದು?

ಮೂರು ಅಂಕಿಗಳ ಹಗ್ಗಜಗ್ಗಾಟ

ಈ ಸಾಫ್ಟ್‌ವೇರ್ ಹಿಡಿದವರು ಜಾಸ್ತಿ ಸಿಟ್ಟಾಗುವುದು ಒಂದೇ ಕಾರಣಕ್ಕೆ. "ನಾನು ಒಂದು ಬದಲಿಸಿದರೆ ಅದು ಇನ್ನೊಂದು ಬದಲಿಸುತ್ತದೆ" ಅಂತ. ಅದರ ಹಿಂದೆ ಇರುವುದು ಒಂದು ಸಣ್ಣ ಗುಣಾಕಾರ:

ವರ್ಕ್ = ಡ್ಯುರೇಶನ್ × ಯೂನಿಟ್ಸ್

ವರ್ಕ್ ಅಂದರೆ ಒಟ್ಟು ಗಂಟೆ. ಡ್ಯುರೇಶನ್ ಅಂದರೆ ಶುರುವಿನಿಂದ ಕೊನೆಯವರೆಗಿನ ಕೆಲಸದ ಸಮಯ. ಯೂನಿಟ್ಸ್ ಅಂದರೆ ಆ ವ್ಯಕ್ತಿಯ ದಿನದಲ್ಲಿ ಈ ಟಾಸ್ಕಿಗೆ ಎಷ್ಟು ಪಾಲು ಅನ್ನುವುದು. ಮೂರರಲ್ಲಿ ಒಂದನ್ನು ನೀವು ಬದಲಿಸಿದರೆ ಇನ್ನೊಂದು ಬದಲಾಗಲೇಬೇಕು. ಯಾವುದು ಬದಲಾಗಬೇಕು ಎಂದು ತೀರ್ಮಾನಿಸುವುದು 'ಟಾಸ್ಕ್ ಟೈಪ್'.

ಮೊದಲೇ ಇರುವ ಸೆಟ್ಟಿಂಗ್ 'ಫಿಕ್ಸೆಡ್ ಯೂನಿಟ್ಸ್'. ಇದರಲ್ಲಿ ಡ್ಯುರೇಶನ್ ಎಳೆದರೆ ಗಂಟೆ ತಾನಾಗಿಯೇ ಜಾಸ್ತಿಯಾಗುತ್ತದೆ. ಕ್ಲೈಂಟ್ ಎರಡು ದಿನ ತಡ ಮಾಡಿದರು ಅಂತ ನೀವು ಚಾರ್ಟಿನಲ್ಲಿ ಟಾಸ್ಕಿನ ಬಾರ್ ಉದ್ದಕ್ಕೆ ಎಳೆದಿರಿ ಅಂದುಕೊಳ್ಳಿ. ಯೂನಿಟ್ಸ್ 100% ಇದ್ದರೆ, ಕೆಲಸ ಅಷ್ಟೇ ಇದ್ದರೂ 16 ಗಂಟೆ ಸೇರಿಕೊಳ್ಳುತ್ತದೆ. 'ಫಿಕ್ಸೆಡ್ ವರ್ಕ್' ಇಟ್ಟರೆ ಗಂಟೆ ಗಟ್ಟಿಯಾಗಿ ನಿಲ್ಲುತ್ತದೆ. ಬಾರ್ ಎಳೆದರೆ ದಿನದ ಪಾಲು ಕಡಿಮೆಯಾಗುತ್ತದೆ, ಪಾಲು ಬದಲಿಸಿದರೆ ದಿನಗಳು ಬದಲಾಗುತ್ತವೆ. 'ಫಿಕ್ಸೆಡ್ ಡ್ಯುರೇಶನ್' ಬೇಕಾಗುವುದು ತಾರೀಖು ಗಟ್ಟಿ ಇರುವ ಕಡೆ. ಎರಡು ವಾರದ ಯುಎಟಿ (ಬಳಸುವವರೇ ಪರೀಕ್ಷಿಸಿ ನೋಡುವ ಹಂತ), ಮೂರು ದಿನದ ಟ್ರೈನಿಂಗ್, ಅಂಥವಕ್ಕೆ.

ಗಂಟೆ ಹಂಚುವುದೇ ನಿಮ್ಮ ಉದ್ದೇಶವಾದರೆ ಫಿಕ್ಸೆಡ್ ವರ್ಕ್ ಇಡಿ. ನನ್ನ ಅನುಭವದಲ್ಲಿ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ. ಫೈಲ್, ಆಪ್ಶನ್ಸ್, ಶೆಡ್ಯೂಲ್‌ನಲ್ಲಿ 'ಡಿಫಾಲ್ಟ್ ಟಾಸ್ಕ್ ಟೈಪ್' ಬದಲಿಸಿ. ಅಲ್ಲೇ ಹೊಸ ಟಾಸ್ಕ್‌ಗಳು 'ಆಟೋ ಶೆಡ್ಯೂಲ್ಡ್' ಆಗಿ ಬರುವಂತೆಯೂ ಮಾಡಿ. 'ಮ್ಯಾನ್ಯುವಲಿ ಶೆಡ್ಯೂಲ್ಡ್' ಟಾಸ್ಕಿನ ತಾರೀಖುಗಳು ನೀವು ಬರೆದಂತೆಯೇ ಕೂತಿರುತ್ತವೆ, ಲೆಕ್ಕಕ್ಕೆ ತಕ್ಕಂತೆ ಅಲುಗಾಡುವುದಿಲ್ಲ.

ಹೆಸರು ಹಚ್ಚುವುದು

ಗ್ಯಾಂಟ್ ಚಾರ್ಟಿನಲ್ಲಿ (ಎಡಗಡೆ ಟಾಸ್ಕ್ ಪಟ್ಟಿ, ಬಲಗಡೆ ಅವುಗಳ ಬಾರ್ ಇರುವ ವ್ಯೂ) ಕಾಲಂ ತಲೆಯ ಮೇಲೆ ರೈಟ್ ಕ್ಲಿಕ್ ಮಾಡಿ, 'ಇನ್ಸರ್ಟ್ ಕಾಲಂ' ಒತ್ತಿ, 'ವರ್ಕ್' ಆರಿಸಿ. ಟಾಸ್ಕಿಗೆ ಬೇಕಾದ ಗಂಟೆ ಅಲ್ಲಿ ಬರೆಯಿರಿ. ಬರೀ 40 ಎಂದರೆ ಸಾಕು, ಗಂಟೆ ಎಂದೇ ತೆಗೆದುಕೊಳ್ಳುತ್ತದೆ. ಈ 40ನ್ನು ನೀವೊಬ್ಬರೇ ಕೂತು ಊಹಿಸಬೇಡಿ. ಆ ಕೆಲಸ ಮಾಡುವವರನ್ನು ಕೇಳಿ ಬರೆಯಿರಿ.

ಆಮೇಲೆ ರಿಸೋರ್ಸ್ ಟ್ಯಾಬ್‌ನ 'ಅಸೈನ್ ರಿಸೋರ್ಸಸ್' ತೆರೆಯಿರಿ. ಹೆಸರು ಆರಿಸಿ, ಯೂನಿಟ್ಸ್ ಜಾಗದಲ್ಲಿ 75% ಎಂದು ನೀವೇ ಬರೆದು, 'ಅಸೈನ್' ಒತ್ತಿ. ಈಗ ಡ್ಯುರೇಶನ್ ನೋಡಿ. 40ನ್ನು 6ರಿಂದ ಭಾಗಿಸಿದರೆ 6.67 ದಿನ. ಕ್ಲೈಂಟ್ ತಲೆಯಲ್ಲಿ "40 ಗಂಟೆ ಅಂದರೆ ಐದು ದಿನ" ಎಂದು ಇರುತ್ತದೆ. ನಿಜಕ್ಕೂ ಬೇಕಾದದ್ದು ಹತ್ತಿರ ಹತ್ತಿರ ಏಳು. ಈ ಎರಡು ದಿನದ ಅಂತರವನ್ನು ಶುರುವಿನಲ್ಲೇ ಬಾಯಿಬಿಟ್ಟು ಹೇಳಿಬಿಡಿ. ಪ್ರತಿ ಸಲ ಹೆಸರು ಹಚ್ಚಿದ ಮೇಲೂ ವರ್ಕ್, ಯೂನಿಟ್ಸ್, ಡ್ಯುರೇಶನ್ ಮೂರನ್ನೂ ಒಮ್ಮೆ ಓದಿ ಮುಂದೆ ಹೋಗಿ.

ಅದೇ ಟಾಸ್ಕಿಗೆ ಇನ್ನೊಬ್ಬರನ್ನು 75% ಸೇರಿಸಿದರೆ ಸಾಫ್ಟ್‌ವೇರ್ ತಲಾ 20 ಗಂಟೆ ಹಂಚಿ, 3.33 ದಿನ ಎನ್ನುತ್ತದೆ. ಲೆಕ್ಕ ಸರಿ, ಬದುಕು ಹಾಗಿಲ್ಲ. ಎರಡನೆಯವರಿಗೆ ಕೆಲಸ ಅರ್ಥವಾಗಲು ಸಮಯ ಬೇಕು, ಹೇಳಿಕೊಡುವವರ ಸಮಯವೂ ಅದಕ್ಕೆ ಹೋಗುತ್ತದೆ. ಹೀಗೆ ಸೇರಿಸಿದಾಗ 'ಟಾಸ್ಕ್ ಯೂಸೇಜ್' ವ್ಯೂ ತೆರೆದು ಇಬ್ಬರ ಗಂಟೆಯನ್ನೂ ಕೈಯಿಂದ ತಿದ್ದಿ. 20, 20 ಎಂದು ಇದ್ದದ್ದು 24, 22 ಆಗಬಹುದು. ಒಟ್ಟು 46 ಆಯಿತು ಅಂತ ಹೆದರಬೇಡಿ. ಆ ಆರು ಗಂಟೆ ಬರೆದರೂ ಖರ್ಚಾಗುತ್ತದೆ, ಬರೆಯದಿದ್ದರೂ ಖರ್ಚಾಗುತ್ತದೆ.

ಇನ್ನೂ ಕೆಲಸಕ್ಕೆ ಸೇರದವರ ಹೆಸರಿನಲ್ಲಿ ಗಂಟೆ ಹಾಕಬೇಕಾದರೆ 'ಟೆಸ್ಟರ್ 2' ಎಂಬಂತೆ ಹುದ್ದೆಯ ಹೆಸರು ಬರೆದು, ರಿಸೋರ್ಸ್ ಇನ್ಫರ್ಮೇಶನ್‌ನಲ್ಲಿ 'ಜೆನರಿಕ್' ಟಿಕ್ ಮಾಡಿ. ಜನ ಬಂದ ದಿನ ಹೆಸರು ಬದಲಿಸಿದರಾಯಿತು. ಆ ಕೆಲಸವನ್ನು ತಾತ್ಕಾಲಿಕವಾಗಿ ಇರುವವರ ತಲೆಗೆ ಕಟ್ಟಬೇಡಿ. ತಾತ್ಕಾಲಿಕ ಎಂದದ್ದು ಹಾಗೇ ಉಳಿದುಬಿಡುತ್ತದೆ.

ಕೆಂಪು ಕಂಡಾಗ

ಇದು ನನ್ನ ಮನಸ್ಸಿನಲ್ಲಿ ಇನ್ನೂ ಇರುವ ವಿಷಯ. ನಾನು ಹಿಂದೆ ಇದ್ದ ಒಂದು ಆಫೀಸಿನಲ್ಲಿ ಮೂರು ಪ್ರಾಜೆಕ್ಟ್‌ಗಳಿಗೆ ಮೂರು ಫೈಲ್ ಇದ್ದವು. ಮೂರಕ್ಕೂ ಬೇರೆ ಬೇರೆ ಮ್ಯಾನೇಜರ್, ಅವರಲ್ಲಿ ನಾನೂ ಒಬ್ಬಳು. ನಮ್ಮ ಟೆಸ್ಟರ್ ಒಬ್ಬರ ಹೆಸರು ಮೂರರಲ್ಲೂ ಇತ್ತು. ನನ್ನ ಫೈಲಿನಲ್ಲಿ 50%, ಎರಡನೆಯದರಲ್ಲಿ 40%, ಮೂರನೆಯದರಲ್ಲಿ 60%. ಯಾರ ಫೈಲಿನಲ್ಲೂ ಕೆಂಪು ಇರಲಿಲ್ಲ. ಎಲ್ಲರ ಪ್ಲಾನೂ ಅಚ್ಚುಕಟ್ಟಾಗಿತ್ತು. ಕೂಡಿಸಿದರೆ 150%, ದಿನಕ್ಕೆ 12 ಗಂಟೆ. ಐದು ವಾರ ಹಾಗೇ ನಡೆಯಿತು. ಒಂದು ದಿನ ಅವರೇ ಬಂದು ಮೆಲ್ಲಗೆ ಕೇಳಿದರು: "ಮೇಡಂ, ಮೂರರಲ್ಲಿ ಯಾವುದನ್ನು ಬಿಡಲಿ, ನೀವೇ ಹೇಳಿಬಿಡಿ." ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ಅಂಕಿಯನ್ನು ಒಂದು ಕಡೆ ಕೂಡಿಸಿ ನೋಡುವ ಕೆಲಸ ನನ್ನದಾಗಿತ್ತು. ನಾನು ಮಾಡಿರಲಿಲ್ಲ.

ಅವತ್ತಿನಿಂದ ಒಂದೇ ಟೀಮ್ ಎರಡು ಪ್ರಾಜೆಕ್ಟಿನಲ್ಲಿದ್ದರೆ ನಾನು ರಿಸೋರ್ಸ್ ಪೂಲ್, ಅಂದರೆ ಎಲ್ಲ ಪ್ರಾಜೆಕ್ಟಿಗೂ ಸೇರಿ ಜನರ ಒಂದೇ ಪಟ್ಟಿ, ಇಲ್ಲದೆ ಶುರು ಮಾಡುವುದಿಲ್ಲ. ಮಾಡುವ ಕ್ರಮ ಹೀಗೆ. ಒಂದು ಖಾಲಿ ಫೈಲ್ ತೆರೆದು, ಅದರ ರಿಸೋರ್ಸ್ ಶೀಟಿನಲ್ಲಿ ಎಲ್ಲರ ಹೆಸರು, ಮ್ಯಾಕ್ಸ್ ಯೂನಿಟ್ಸ್, ಕ್ಯಾಲೆಂಡರ್, ರಜೆ ಹಾಕಿ ಸೇವ್ ಮಾಡಿ. ಟಾಸ್ಕ್ ಒಂದೂ ಬೇಡ. ಅದನ್ನು ತೆರೆದೇ ಇಟ್ಟುಕೊಂಡು ನಿಮ್ಮ ಪ್ರಾಜೆಕ್ಟ್ ಫೈಲ್ ತೆರೆಯಿರಿ. ರಿಸೋರ್ಸ್ ಟ್ಯಾಬ್, 'ರಿಸೋರ್ಸ್ ಪೂಲ್', 'ಶೇರ್ ರಿಸೋರ್ಸಸ್'. ಅಲ್ಲಿ 'ಯೂಸ್ ರಿಸೋರ್ಸಸ್' ಆರಿಸಿ, ಪೂಲ್ ಫೈಲ್ ತೋರಿಸಿ. ಎರಡರಲ್ಲಿ ವ್ಯತ್ಯಾಸ ಬಂದರೆ ಪೂಲ್‌ನದ್ದೇ ನಡೆಯಬೇಕು ಎಂಬ ಆಯ್ಕೆಯನ್ನೂ ಇಡಿ. ಉಳಿದ ಪ್ರಾಜೆಕ್ಟ್‌ಗಳಿಗೂ ಹೀಗೇ ಮಾಡಿ. ಇನ್ನು ಮೇಲೆ ಯಾರು ಯಾವ ಫೈಲಿನಲ್ಲಿ ಗಂಟೆ ಹಾಕಿದರೂ ಒಟ್ಟು ಲೆಕ್ಕ ಒಂದೇ ಕಡೆ ಕಾಣುತ್ತದೆ. ಹೆಸರಿನ ಸ್ಪೆಲ್ಲಿಂಗ್ ಎಲ್ಲ ಕಡೆ ಒಂದೇ ಇರಲಿ. ಒಂದಕ್ಷರ ಬೇರೆಯಾದರೂ ಸಾಫ್ಟ್‌ವೇರಿಗೆ ಅವರು ಬೇರೆ ಮನುಷ್ಯ.

ಒಟ್ಟು ಲೆಕ್ಕ ನೋಡಲು 'ರಿಸೋರ್ಸ್ ಯೂಸೇಜ್' ವ್ಯೂ. ಬಲಗಡೆ ರೈಟ್ ಕ್ಲಿಕ್ ಮಾಡಿ 'ರಿಮೇನಿಂಗ್ ಅವೈಲಬಿಲಿಟಿ' ಟಿಕ್ ಮಾಡಿ. ಯಾರಿಗೆ ಯಾವ ವಾರ ಇನ್ನೆಷ್ಟು ಗಂಟೆ ಖಾಲಿ ಇದೆ ಎಂದು ಕಾಣುತ್ತದೆ. ಹೊಸ ಕೆಲಸ ಬಂದಾಗ ಮೊದಲು ಇಲ್ಲಿ ನೋಡಿ, ಆಮೇಲೆ ಕ್ಲೈಂಟಿಗೆ ತಾರೀಖು ಕೊಡಿ.

ಕೆಂಪು ಬಂದಾಗಲೆಲ್ಲ ಗಾಬರಿಯಾಗಬೇಕಿಲ್ಲ. ಮ್ಯಾಕ್ಸ್ ಯೂನಿಟ್ಸ್ 100% ಇರುವ ಒಬ್ಬರಿಗೆ ಒಂದೇ ದಿನ ನಾಲ್ಕು ನಾಲ್ಕು ಗಂಟೆಯ ಎರಡು ಟಾಸ್ಕ್ ಇದ್ದು, ಎರಡೂ ಬೆಳಿಗ್ಗೆ 9ಕ್ಕೇ ಶುರುವಾಗುವಂತೆ ಇದ್ದರೆ ಆಗಲೂ ಕೆಂಪಾಗುತ್ತದೆ. ಒಟ್ಟು ಎಂಟೇ ಗಂಟೆ, ಆದರೆ ಒಂದೇ ಹೊತ್ತಿಗೆ ಎರಡು ಕೆಲಸ. ಒಂದರ ಹಿಂದೆ ಒಂದು ಬರುವಂತೆ ಲಿಂಕ್ ಮಾಡಿದರೆ ಸರಿಹೋಗುತ್ತದೆ.

ನಿಜವಾದ ಕೆಂಪಾದರೆ ದಾರಿ ಕೆಲವೇ. ಕೆಲಸ ಮುಂದಕ್ಕೆ ಹಾಕಿ, ಇನ್ನೊಬ್ಬರಿಗೆ ಕೊಡಿ, ಇಲ್ಲವೇ ಕೆಲಸವನ್ನೇ ಚಿಕ್ಕದು ಮಾಡಿ. 'ಲೆವೆಲ್ ಆಲ್' ಎಂಬ ಬಟನ್ ಇದೆ. ಅದು ಟಾಸ್ಕ್‌ಗಳನ್ನು ಮುಂದೆ ತಳ್ಳಿ ಕೆಂಪು ತೆಗೆಯುತ್ತದೆ. ಒತ್ತುವ ಮೊದಲು 'ಲೆವೆಲಿಂಗ್ ಆಪ್ಶನ್ಸ್' ತೆರೆದು 'ಮ್ಯಾನ್ಯುವಲ್' ಇದೆಯೇ ನೋಡಿ. 'ಆಟೋಮ್ಯಾಟಿಕ್' ಇದ್ದರೆ ನೀವು ಒಂದು ತಾರೀಖು ಮುಟ್ಟಿದಾಗಲೆಲ್ಲ ಇಡೀ ಪ್ಲಾನ್ ಅಲ್ಲಾಡುತ್ತದೆ. ಪ್ರತಿ ಟಾಸ್ಕಿಗೂ 0ಯಿಂದ 1000ದವರೆಗೆ 'ಪ್ರಯಾರಿಟಿ' ಕೊಡಬಹುದು, ಮೊದಲೇ 500 ಇರುತ್ತದೆ. 1000 ಕೊಟ್ಟ ಟಾಸ್ಕನ್ನು ಲೆವೆಲಿಂಗ್ ಮುಟ್ಟುವುದಿಲ್ಲ. ಗೋ-ಲೈವ್ (ಮಾಡಿದ್ದನ್ನು ಬಳಕೆಗೆ ಬಿಡುವ ದಿನ) ಥರದವಕ್ಕೆ ಹಾಗೆ ಇಡಿ. ಫಲಿತಾಂಶ ಇಷ್ಟವಾಗದಿದ್ದರೆ 'ಕ್ಲಿಯರ್ ಲೆವೆಲಿಂಗ್' ಇದೆ. ನಾನಂತೂ ಈ ಬಟನ್ ಒತ್ತಿ ಏನಾಗುತ್ತದೆ ನೋಡಿ, ತೆಗೆದು, ಆಮೇಲೆ ಕೈಯಿಂದಲೇ ಸರಿಮಾಡುತ್ತೇನೆ. ಯಾರ ಕೆಲಸ ಯಾರಿಗೆ ಒಗ್ಗುತ್ತದೆ ಎನ್ನುವುದು ಬಟನ್ನಿಗೆ ಗೊತ್ತಿಲ್ಲ.

ಎಲ್ಲರೂ ಒಪ್ಪಿದ ಮೇಲೆ ಪ್ರಾಜೆಕ್ಟ್ ಟ್ಯಾಬ್‌ನಲ್ಲಿ 'ಸೆಟ್ ಬೇಸ್‌ಲೈನ್' ಮಾಡಿ. ಮೊದಲು ಅಂದುಕೊಂಡದ್ದು ಎಷ್ಟು, ಆದದ್ದು ಎಷ್ಟು ಎಂದು ಹೋಲಿಸಲು ಇದು ಬೇಕು.

ಶುಕ್ರವಾರದ ಇಪ್ಪತ್ತು ನಿಮಿಷ

ಪ್ಲಾನ್ ಬರೆದು ಬಿಟ್ಟರೆ ಎರಡು ವಾರಕ್ಕೆ ಹಳಸುತ್ತದೆ. ಪ್ರತಿ ಶುಕ್ರವಾರ ಟಾಸ್ಕ್ ಯೂಸೇಜ್ ವ್ಯೂನಲ್ಲಿ 'ಆಕ್ಚುವಲ್ ವರ್ಕ್' ತುಂಬಿ. ಒಬ್ಬೊಬ್ಬರನ್ನೂ "ಎಷ್ಟು ಪರ್ಸೆಂಟ್ ಮುಗೀತು?" ಎಂದು ಕೇಳಬೇಡಿ. ಎಲ್ಲರೂ 80 ಅನ್ನುತ್ತಾರೆ, ಮುಂದಿನ ವಾರ 90 ಅನ್ನುತ್ತಾರೆ. "ಇನ್ನೂ ಎಷ್ಟು ಗಂಟೆ ಬೇಕು?" ಎಂದು ಕೇಳಿ. ಬಂದ ಉತ್ತರವನ್ನು 'ರಿಮೇನಿಂಗ್ ವರ್ಕ್' ಕಾಲಂನಲ್ಲಿ ಹಾಗೇ ಬರೆಯಿರಿ. 40 ಗಂಟೆಯ ಕೆಲಸದಲ್ಲಿ 30 ಆಗಿ, ಇನ್ನೂ 18 ಬೇಕು ಎಂದರೆ 18 ಎಂದೇ ಬರೆಯಿರಿ. ಒಟ್ಟು 48 ಆಗುತ್ತದೆ, ಕೊನೆಯ ತಾರೀಖು ಜರುಗುತ್ತದೆ. ಈ ಶುಕ್ರವಾರ ಅದು ಗೊತ್ತಾದರೆ ಕ್ಲೈಂಟ್ ಜೊತೆ ಮಾತಾಡಲು ಸಮಯ ಇರುತ್ತದೆ. ಜಾಸ್ತಿ ಹೇಳಿದವರ ಮೇಲೆ ರೇಗಿದರೆ ಮುಂದಿನ ವಾರದಿಂದ ನಿಮಗೆ ಸುಳ್ಳು ಅಂಕಿಯೇ ಬರುತ್ತದೆ.

ಮಧ್ಯದಲ್ಲಿ ಯಾರಾದರೂ ಕೆಲಸ ಬಿಟ್ಟರೆ ಅವರ ಹೆಸರನ್ನು ಅಳಿಸಬೇಡಿ. ಅಳಿಸಿದರೆ ಅವರು ಮಾಡಿದ ಗಂಟೆಯ ಲೆಕ್ಕವೂ ಹೋಗುತ್ತದೆ. ಟಾಸ್ಕ್ ಯೂಸೇಜ್‌ನಲ್ಲಿ ಅವರ ಸಾಲಿನ ರಿಮೇನಿಂಗ್ ವರ್ಕ್ ಸೊನ್ನೆ ಮಾಡಿ, ಉಳಿದ ಗಂಟೆಯನ್ನು ಹೊಸಬರ ಹೆಸರಿಗೆ ಹಾಕಿ. 22 ಗಂಟೆ ಉಳಿದಿದ್ದರೆ 22 ಎಂದೇ ಹಾಕಬೇಡಿ. ಬಿಟ್ಟುಹೋಗುವವರು ಇನ್ನೂ ಆಫೀಸಿನಲ್ಲಿರುವಾಗಲೇ ಇಬ್ಬರನ್ನೂ ಕೂರಿಸಿ, "ಇದನ್ನು ಅರ್ಥ ಮಾಡಿಕೊಳ್ಳಲು ನಿಮಗೆ ಎಷ್ಟು ಹೊತ್ತು ಬೇಕು?" ಎಂದು ಹೊಸಬರನ್ನು ಕೇಳಿ. ಅವರು ಹೇಳಿದ್ದನ್ನು 22ಕ್ಕೆ ಸೇರಿಸಿ ಬರೆಯಿರಿ.